ಕಲ್ಲಿನಲ್ಲಿ ಕೆತ್ತಿಸಿದ ಗುಟ್ಟಿನ ವಿಳಾಸ

ನನ್ನ ವಿಳಾಸ ನನ್ನ ಖಾಸಗಿ ಆಸ್ತಿ. ಇದು ನನ್ನ ಸಿದ್ಧಾಂತ. ಬಾಡಿಗೆ ಮನೆಯಲ್ಲಿದ್ದಾಗ ಯಾರೋ ಪುಣ್ಯಾತ್ಮ ನನ್ನ ಕಾರಿನ ನಂಬರು ಹಿಡಿದು, ಎಲ್ಲಿಂದಲೋ ವಿಳಾಸ ಪತ್ತೆ ಮಾಡಿ, ಭಾನುವಾರ ಬೆಳಿಗ್ಗೆ ಬಾಗಿಲಿಗೇ ಬಂದು "ಗಾಡಿ ಮಾರ್ತೀರಾ ಸಾರ್?" ಎಂದು ಕೇಳಿದ್ದ. ನಾನಾಗ ಹರಿದ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಒಬ್ಬ ನಿವೃತ್ತ ರೇಷ್ಮೆ ಇನ್ಸ್‌ಪೆಕ್ಟರನ್ನು ಜಗತ್ತು ನೋಡಬಾರದ ಭಂಗಿ ಅದು.

ಹೀಗಾಗಿ ರಾಮನಗರದ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿ, ಲೈಸೆನ್ಸಿನ ವಿಳಾಸ ಬದಲಾಯಿಸಲು ಆರ್‌ಟಿಒ ಆಫೀಸಿಗೆ ಹೋದಾಗ ಕೌಂಟರಿನ ಹೆಣ್ಣುಮಗಳಿಗೆ ಒಂದು ಭಾಷಣವನ್ನೇ ಬಿಗಿದೆ.

"ನೋಡಮ್ಮಾ, ಪುಟ್ಟಸ್ವಾಮಿ ಮನೆ ಎಲ್ಲಿ ಅಂತ ಆ ಬ್ರಹ್ಮನೇ ಬಂದು ಕೇಳಿದ್ರೂ ಹೇಳಬಾರ್ದು."

"ಯಾರಿಗೂ ಹೇಳಲ್ಲ ಸಾರ್. ಕೇಸಿಗೆ ಬೇಕು ಅಂತ ಪೊಲೀಸ್ನೋರು ಕೇಳಿದ್ರೆ ಮಾತ್ರ ಕೊಡ್ತೀವಿ," ಎಂದಳು.

ವಿಜಯೋತ್ಸಾಹದಿಂದ ಮನೆಗೆ ಬಂದು ಹೆಂಡತಿ ನಾಗಲಕ್ಷ್ಮಮ್ಮನಿಗೆ ವರದಿ ಒಪ್ಪಿಸಿದರೆ ಅವಳು ಗೇಟಿನ ಕಡೆ ಕೈ ತೋರಿಸಿದಳು.

"ಆಹಾ! ಕನಕಪುರದಿಂದ ಗ್ರಾನೈಟ್ ಕಲ್ಲು ತರಿಸಿ ಹೆಸರು, ಹುದ್ದೆ, ಮನೆ ನಂಬರು, ಕ್ರಾಸು ಎಲ್ಲಾನೂ ಬಂಗಾರದ ಬಣ್ಣದಲ್ಲಿ ಕೆತ್ತಿಸಿದೀರ. ಇದ್ಯಾವ ಸೀಮೆ ಗುಟ್ಟು ಕಣ್ರೀ?"

"ಅದು ಗೌರವ ಕಣೆ. ಇದು ಗೋಪ್ಯತೆ." (ಎರಡಕ್ಕೂ ಏನು ವ್ಯತ್ಯಾಸವೆಂದು ನನಗೂ ಗೊತ್ತಿರಲಿಲ್ಲ. ದನಿ ಮಾತ್ರ ಗಟ್ಟಿಯಾಗಿತ್ತು.)

"ಏನಾರ ಮಾಡ್ಕಳಿ. ನಂಗೊಂದು ಸ್ಕೂಟರ್ ಕೊಡ್ಸಿ ಅಂತ ಕೇಳಿ ಕೇಳಿ ನಾಲ್ಗೆ ಒಣಗೋಯ್ತು. ಕೈಲಾಂಚಕ್ಕೋಗಿ ನಮ್ಮವ್ವನ್ನ ನೋಡಕ್ಕೂ ನಿಮ್ಮ ಮುಖ ಕಾಯ್ಕೊಂಡು ಕೂರ್ಬೇಕು."

"ನಾನಿರೋವಾಗ ನಿನಗ್ಯಾಕೆ ಸ್ಕೂಟರು? ಬಿದ್ದು ಕೈ ಮುರ್ಕೊಂಡ್ರೆ ಮುದ್ದೆ ತಿರುವೋರು ಯಾರು?" ಎಂದು ಅರ್ಜಿಯನ್ನು ವಜಾ ಮಾಡಿದೆ.

ಅಂದಿನಿಂದ ಅವಳು ಸ್ಕೂಟರಿನ ಮಾತೇ ಎತ್ತಲಿಲ್ಲ. ಮಧ್ಯಾಹ್ನವಾದರೆ ಹಿಂದಿನ ಬೀದಿಯ ಮುನಿರತ್ನಮ್ಮನ ಮನೆಗೆ ಭಜನೆ ಕಲಿಯಲು ಹೋಗತೊಡಗಿದಳು. ವಯಸ್ಸಿಗೆ ತಕ್ಕ ಹವ್ಯಾಸ ಎಂದು ನಾನು ಹಿರಿಹಿರಿ ಹಿಗ್ಗಿದೆ.

ಹೀಗಿರುವಾಗ ಒಂದು ಮಧ್ಯಾಹ್ನ ಸಣ್ಣ ಮಳೆ. ಉಂಡು ಮಲಗಿದ್ದವನು 'ಧಡ್' ಎಂಬ ಸದ್ದಿಗೆ ಎದ್ದು ಓಡಿದರೆ, ಗೇಟಿನ ಕಂಬಕ್ಕೆ ಯಾರೋ ಗುದ್ದಿ ಪರಾರಿ! ನನ್ನ ಗ್ರಾನೈಟ್ ಕಲ್ಲು ಎರಡು ಹೋಳು. 'ಪುಟ್ಟ' ಮೋರಿಯ ಈಚೆ, 'ಸ್ವಾಮಿ' ಮೋರಿಯ ಆಚೆ.

ಎದುರು ಮನೆಯ ಅಂಕಯ್ಯ ಎಲ್ಲವನ್ನೂ ನೋಡಿದ್ದರು. "ಬಿಳಿ ಸ್ಕೂಟರು ಸಾರ್. ಹೆಲ್ಮೆಟ್ಟು, ರೈನ್‌ಕೋಟು. ನಂಬರ್ ನೋಡ್ಕಂಡಿವ್ನಿ. ಆ ರಭಸ ನೋಡಿದ್ರೆ ಗಂಡಸೇಯ."

"ಸಂಶಯವೇ ಬೇಡ, ಗಂಡಸೇ!" ಎಂದೆ.

ಅಷ್ಟರಲ್ಲಿ ಭಜನೆ ಮುಗಿಸಿ ಏದುಸಿರು ಬಿಡುತ್ತಾ ಬಂದ ನಾಗಲಕ್ಷ್ಮಮ್ಮ, "ಹೋಗ್ಲಿ ಬುಡಿ, ಕಲ್ಲು ತಾನೆ. ಪಾಪ, ಯಾರೋ ಹೊಸದಾಗಿ ಕಲ್ತಿರೋರು ಇರ್ಬೇಕು," ಎಂದಳು. ಅವಳದು ಮೊದಲಿನಿಂದಲೂ ಮೆದು ಮನಸ್ಸು.

"ಬಿಡೋದಾ? ಆ ನನ್ಮಗ ಹೊಸ ಕಲ್ಲು ಹಾಕಿಸಿಕೊಟ್ಟು, ಇದೇ ಗೇಟಿನ ಮುಂದೆ ತಪ್ಪಾಯ್ತು ಅಂತ ಕೈ ಮುಗಿಬೇಕು. ಇಲ್ದಿದ್ರೆ ನಾನು ಪುಟ್ಟಸ್ವಾಮಿನೇ ಅಲ್ಲ!" ಬೀದಿಯವರೆಲ್ಲ ಕೇಳುವಂತೆ ಶಪಥ ಮಾಡಿದೆ.

ಮಾರನೆಯ ದಿನ ಅದೇ ಕೌಂಟರು, ಅದೇ ಹೆಣ್ಣುಮಗಳು. ನಂಬರು ಹೇಳಿ ವಿಳಾಸ ಕೇಳಿದೆ.

"ಕೊಡಂಗಿಲ್ಲ ಸಾರ್. ಬ್ರಹ್ಮ ಬಂದ್ರೂ ಹೇಳಬೇಡ ಅಂದೋರು ನೀವೇ ಅಲ್ವಾ?"

"ಅದು ನನ್ನ ವಿಳಾಸಕ್ಕಮ್ಮಾ! ಇದು ಕಳ್ಳಂದು!"

"ಎಲ್ಲಾರ್ಗೂ ಒಂದೇ ರೂಲು ಸಾರ್," ಎನ್ನುತ್ತಾ ಕಂಪ್ಯೂಟರ್ ಕುಟ್ಟಿದಳು. ಪರದೆ ನೋಡಿದಳು. ನನ್ನ ಮುಖ ನೋಡಿದಳು. ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಆಚೆ ತಿರುಗಿದಳು. ಪಾಪ, ಕೆಮ್ಮಿರಬೇಕು.

ಎಂಥಾ ಅನ್ಯಾಯ ಹೇಳಿ! ಕಲ್ಲು ಒಡೆದವನಿಗೂ ಗೋಪ್ಯತೆಯಂತೆ! ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಟ್ಟೆ. ಹೆಡ್ ಕಾನ್‌ಸ್ಟೇಬಲ್ ಶರೀಫ್ ಸಾಹೇಬರು, "ವಿಳಾಸ ನಾವು ತರಿಸ್ಕೋತೀವಿ. ಶನಿವಾರ ಅವನ ಮನೆ ಬಾಗಿಲಲ್ಲೇ ಹಿಡಿಯಾಣ," ಎಂದು ಭರವಸೆ ಕೊಟ್ಟರು.

ಶನಿವಾರ ನಾನು ಇಸ್ತ್ರಿ ಷರ್ಟು ತೊಟ್ಟು ಗೇಟಿನಲ್ಲಿ ನಿಂತೆ. ಸುತ್ತ ಅಂಕಯ್ಯ, ಮುನಿರತ್ನಮ್ಮ, ಅರ್ಧ ಬೀದಿ. ಸಾಹೇಬರ ಬೈಕು ಬಂದು ನಮ್ಮ ಮುಂದೆಯೇ ನಿಂತಿತು.

"ನಡೀರಿ ಸಾಹೇಬ್ರೇ, ನಾನೂ ಬರ್ತೀನಿ. ಎಲ್ಲಿ? ಚನ್ನಪಟ್ಟಣವೋ, ಮಾಗಡಿಯೋ?"

"ಎಲ್ಲೂ ಹೋಗೋದು ಬ್ಯಾಡ ಸಾರ್. ಬಂದ್ಬುಟ್ಟಿದೀನಿ."

"ಅಯ್ಯೋ, ಕಂಪ್ಲೇಂಟ್ ಕೊಟ್ಟೋನು ನಾನು!"

"ಗೊತ್ತು ಸಾರ್. ಗುದ್ದಿರೋ ಗಾಡಿದೂ ಇದೇ ಮನೆ. ನಾಗಲಕ್ಷ್ಮಮ್ಮ ಅಂದ್ರೆ ಯಾರು?"

ಹಿಂದಿನಿಂದ ಕಾಫಿ ಲೋಟ ಹಿಡಿದು ಬಂದ ನನ್ನ ಧರ್ಮಪತ್ನಿ, "ನಾನೇ ಸಾಹೇಬ್ರೇ. ಸಕ್ಕರೆ ಒಸಿ ಜಾಸ್ತಿ ಆಗೈತೇನೋ ನೋಡಿ," ಎಂದಳು.

"ನಾಗೂ! ನೀನಾ? ಭಜನೆ?"

"ಮುನಿರತ್ನಕ್ಕನೇ ಕಲಿಸಿದ್ದು ಕಣ್ರೀ. ಭಜನೆ ಅಲ್ಲ, ಗಾಡಿ. ನನ್ನ ದುಡ್ಡಲ್ಲೇ ತಗಂಡು ಅವ್ರ ಮನೇಲೇ ನಿಲ್ಸಿದ್ದೆ. ಗಾಡಿ ಕಾರ್ಡು, ಲೈಸೆನ್ಸು ಅಂಚೇಲಿ ಬಂದಾಗ್ಲೂ ನೀವು ಗೊರಕೆ. ಅವತ್ತು ನಿಮ್ಗೇ ಮೊದ್ಲು ತೋರ್ಸಣ ಅಂತ ಆಸೆಯಿಂದ ಬಂದೆ. ಬ್ರೇಕ್ ಹಿಡಿಯೋ ಬದ್ಲು ಆಕ್ಸಲರೇಟರ್ ತಿರುವ್ಬುಟ್ಟೆ." ಅವಳ ಕಣ್ಣು ಒದ್ದೆಯಾಗಿತ್ತು.

"ನಂಗೆ ಯಾಕೆ ಹೇಳಲಿಲ್ಲ?"

"ನನ್ನ ಎಲ್ಲಿ ಕೇಳಿದ್ರಿ? ಊರನ್ನೆಲ್ಲಾ ಕೇಳಿದ್ರಿ."

ಶರೀಫ್ ಸಾಹೇಬರು ಕಾಫಿ ಹೀರಿ, "ಕಂಪ್ಲೇಂಟ್ ವಾಪಸ್ ತಗೊಳಾದಾದ್ರೆ ಸ್ಟೇಷನ್ನಿಗೆ ಬನ್ನಿ ಸಾರ್," ಎಂದರು. ಕಾರಿನ ಕಡೆ ಹೊರಟವನನ್ನು, ಮುನಿರತ್ನಮ್ಮನ ಮನೆಯಿಂದ ಸ್ಕೂಟರ್ ತಂದು ನಿಲ್ಲಿಸಿದ ನಾಗಲಕ್ಷ್ಮಮ್ಮ ತಡೆದಳು. "ಕಾರ್ ಯಾಕ್ರೀ? ಕೂತ್ಕಳಿ, ಬುಟ್ಟು ಬತ್ತೀನಿ." ಅರ್ಧ ಬೀದಿಯ ಸಮಕ್ಷಮದಲ್ಲಿ ಹಿಂದಿನ ಸೀಟಿನಲ್ಲಿ ಕೂತೆ. ಹೊರಡುವ ಮುನ್ನ ಅದೇ ಗೇಟಿನ ಮುಂದೆ ಕೈ ಮುಗಿದದ್ದೂ ನಾನೇ. (ಅವಳಿಗಲ್ಲ, ದೇವರಿಗೆ. ಜೀವ ಎಲ್ಲರಿಗೂ ಒಂದೇ ತಾನೆ?)

ಶಪಥದ ಪ್ರಕಾರ ಹೊಸ ಕಲ್ಲನ್ನು ಅವಳೇ ಹಾಕಿಸಿಕೊಟ್ಟಳು. ಸ್ಕೂಟರಿನಲ್ಲಿ ಕನಕಪುರಕ್ಕೆ ಹೋಗಿ, ಆರಿಸಿ, ಕೆತ್ತಿಸಿದ್ದಾಳೆ. ಬಂಗಾರದ ಬಣ್ಣದಲ್ಲಿ ದೊಡ್ಡದಾಗಿ 'ನಾಗಲಕ್ಷ್ಮಮ್ಮ', ಕೆಳಗೆ ಮನೆ ನಂಬರು, ಕ್ರಾಸು. ಕನ್ನಡಕ ಹಾಕಿಕೊಂಡು ಎಷ್ಟು ಹುಡುಕಿದರೂ ನನ್ನ ಹೆಸರಿಲ್ಲ.

"ನಾನೆಲ್ಲಿ?" ಎಂದೆ.

ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಅವಳೆಂದಳು: "ಪುಟ್ಟಸ್ವಾಮಿ ಮನೆ ಎಲ್ಲಿ ಅಂತ ಬ್ರಹ್ಮಂಗೂ ಗೊತ್ತಾಗ್ಬಾರ್ದು ಅಂದಿದ್ರಲ್ಲಾ. ಇನ್ನು ಗೊತ್ತಾಗಲ್ಲ ಬುಡಿ."