ಭಾನುವಾರ ಇರು…

ಅಂದವಾಗಿ ಕಾಣುವುದೆಲ್ಲ ಸರಿಯಾಗಿಯೂ ಇರುತ್ತದೆ ಎಂದು ನಂಬುವವರದೊಂದು ಪಂಗಡವಿದೆ. ನಾನು ಅದರ ಕಾಯಂ ಸದಸ್ಯೆ. ಕಪಾಟಿನಲ್ಲಿ ಪುಸ್ತಕಗಳು ನೆಟ್ಟಗೆ ನಿಂತಿದ್ದರೆ ಅವನ್ನೆಲ್ಲ ಓದಿ ಮುಗಿಸಿದಷ್ಟು ಸಮಾಧಾನ ನನಗೆ. ಸಾರಿನ ಬಣ್ಣ ಚೆನ್ನಾಗಿದ್ದರೆ ಉಪ್ಪನ್ನು ನೋಡುವ ಗೋಜಿಗೇ ಹೋಗುವುದಿಲ್ಲ; ಅದನ್ನು ಉಣ್ಣುವವರು ನೋಡಿ ಹೇಳುತ್ತಾರೆ. ಈ ಗುಣ ಹುಟ್ಟಿನಿಂದ ಬಂತೋ ಕಸುಬಿನಿಂದ ಬಂತೋ ಗೊತ್ತಿಲ್ಲ. ಸಾಗರದಲ್ಲಿ ಬಹಳ ವರ್ಷ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸಂಘದ ವಾರ್ಷಿಕೋತ್ಸವದ ಕರಪತ್ರ, ಇವೇ ನನ್ನ ಸಾಹಿತ್ಯ ಸೇವೆ. ಈ ಕಸುಬಿನವರು ಅಕ್ಷರಗಳನ್ನು ನೋಡುತ್ತಾರೆಯೇ ಹೊರತು ಓದುವುದಿಲ್ಲ. ಒಮ್ಮೆ ಒಂದು ಮದುವೆ ಕಾಗದದಲ್ಲಿ ವಧುವಿನ ಹೆಸರಿನ ಮುಂದೆ ಇರಬೇಕಾದ ‘ಚಿ.ಸೌ.’ ವರನ ಹೆಸರಿನ ಮುಂದೂ ಹೋಗಿ ಕೂತಿತ್ತು. ಎರಡೂ ಸಾಲುಗಳು ಸರಿಸಮನಾಗಿ, ನೋಡಲು ಎಷ್ಟು ಚಂದ ಇದ್ದವೆಂದರೆ ನಾನು ಹಾಗೇ ಅಚ್ಚಿಗೆ ಕಳಿಸಿಬಿಟ್ಟೆ. ಹುಡುಗನ ಅಪ್ಪ ಅಂಗಡಿಯ ಮೆಟ್ಟಿಲು ಹತ್ತಿ ಬಂದು, “ಏನಮ್ಮಾ, ಲಗ್ನಕ್ಕೆ ಮುಂಚೆ ನಮ್ಮ ಮಂಜುನಾಥನಿಗೆ ನೀವೇ ಸೀರೆ ಉಡಿಸಿಬಿಟ್ರಲ್ಲ!” ಎಂದರು. ಪುಣ್ಯಾತ್ಮರು ನಗುತ್ತಲೇ ಹೇಳಿದರು. ಎಲ್ಲ ತಪ್ಪುಗಳೂ ಹೀಗೆ ನಗುವಿನಲ್ಲಿ ಮುಗಿಯುತ್ತವೆ ಎಂಬ ಭ್ರಮೆ ನನಗೆ ಬಹುಶಃ ಅಲ್ಲಿಂದಲೇ ಬಂದಿರಬೇಕು.

ಆಮೇಲೆ ಜನ ಮದುವೆ ಕಾಗದವನ್ನೂ ಮೊಬೈಲಿನಲ್ಲೇ ಕಳಿಸಲು ಶುರುಮಾಡಿದರು. ಅಂಗಡಿ ಮುಚ್ಚಿದೆ. ಕಂಪ್ಯೂಟರ್ ಇತ್ತು, ಹೊತ್ತು ಇತ್ತು, ವಿಡಿಯೋ ನೋಡಿ ಮೊಬೈಲ್ ಆ್ಯಪ್ ಮಾಡುವುದನ್ನು ಕಲಿತೆ. ನಲವತ್ತು ದಾಟಿದ ಹೆಂಗಸು ಹೊಸ ವಿದ್ಯೆ ಕಲಿತರೆ ಅದನ್ನು ಯಾರ ಮೇಲಾದರೂ ಪ್ರಯೋಗಿಸಲೇಬೇಕಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕಿನ ಖಾಸಗಿ ಬಸ್ಸುಗಳ ಹೊತ್ತು ತಿಳಿಸುವ ಆ್ಯಪ್ ಮಾಡಲು ಹೊರಟೆ.

ಆ್ಯಪನ್ನು ಜನರ ಕೈಗೆ ಕೊಡುವ ಮೊದಲು ಸಿಮ್ಯುಲೇಟರಿನಲ್ಲಿ ಹಾಕಿ ನೋಡಬೇಕು. ಸಿಮ್ಯುಲೇಟರ್ ಎಂದರೆ ಕಂಪ್ಯೂಟರಿನ ಪರದೆಯೊಳಗೆ ಮೂಡುವ ಹುಸಿ ಮೊಬೈಲು. ಇಷ್ಟು ಹೇಳಿದ ಮಾತು ಕೇಳುವ ಪ್ರಾಣಿಯನ್ನು ನಾನು ಸಂಸಾರದಲ್ಲಿ ಬೇರೆ ಕಂಡಿಲ್ಲ. ಅಡ್ಡ ಮಲಗು ಎಂದರೆ ಮಲಗುತ್ತದೆ, ಎದ್ದು ನಿಲ್ಲು ಎಂದರೆ ನಿಲ್ಲುತ್ತದೆ. ಪರದೆ ಕಪ್ಪಾಗಲಿ ಎಂದರೆ ಕಪ್ಪು, ಬಿಳಿಯಾಗಲಿ ಎಂದರೆ ಬಿಳಿ. ಬ್ಯಾಟರಿಯನ್ನು ಇನ್ನೇನು ಜೀವ ಹೋಯಿತು ಎಂಬಲ್ಲಿಗೆ ತಂದು ಬಿಟ್ಟರೂ ದಿನವಿಡೀ ಹಾಗೆಯೇ ಇರುತ್ತದೆ, ಸಾಯುವುದಿಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಊರು ಬದಲಿಸುವ ಸೌಲಭ್ಯ. ಸಾಗರದ ನನ್ನ ಕುರ್ಚಿಯಲ್ಲಿ ಕೂತೇ ಆ ಮೊಬೈಲನ್ನು ಹುಲಿಕಲ್ ಘಾಟಿಯಲ್ಲಿ ಇಳಿಸಿದೆ. ನಿಜದ ಬಸ್ಸಿನಲ್ಲಾದರೆ ಮೊದಲ ತಿರುವಿಗೇ ನಿಂಬೆಹಣ್ಣು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಳ್ಳುವವಳು ನಾನು. ಮೇಗರವಳ್ಳಿಯ ಕಾಡಿನ ನಡುವೆ ನಿಲ್ಲಿಸಿದರೂ ಸಿಗ್ನಲ್ಲಿನ ಕಡ್ಡಿಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಕಾರ್ಗಲ್ಲಿಗೆ ದಿನಾ ಕೆಲಸಕ್ಕೆ ಹೋಗಿಬರುವ ನನ್ನ ಗಂಡ ಇದನ್ನು ನೋಡಿ, “ಆ ಮೊಬೈಲು ನಂಗೊಂದು ಕೊಡು ಮಾರಾಯ್ತಿ. ನಂದು ಸಾಗರ ದಾಟಿದ್ರೆ ಬರೀ ಕಲ್ಲು” ಎಂದರು.

ನನ್ನ ಆ್ಯಪಿಗೆ ಮೊದಲ ಗಿರಾಕಿ ಸರೋಜತ್ತೆ. ಅಪ್ಪನ ತಂಗಿ. ಹೊಸನಗರದಲ್ಲಿ ಒಬ್ಬರೇ ಇದ್ದಾರೆ. ಆ ಊರಿನ ಎರಡು ತಲೆಮಾರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವರು. ಸೂಜಿಯ ಕಣ್ಣು ನೋಡಿ ನೋಡಿ ಅವರ ಕಣ್ಣು ಈಗ ಮಂಜಾಗಿದೆ. ಅವರ ಮೊಬೈಲಿನಲ್ಲಿ ಅಕ್ಷರಗಳು ಬಸ್ಸಿನ ಬೋರ್ಡಿನಷ್ಟು ದೊಡ್ಡವು. “ಶುಭೋದಯ” ಎಂದು ಒಬ್ಬರು ಕಳಿಸಿದರೆ ಪರದೆ ಅಷ್ಟಕ್ಕೇ ತುಂಬಿಹೋಗುತ್ತದೆ. “ನಂಗೆ ಕಾಣೋ ಹಾಗೆ ಮಾಡು ಕಣೇ, ಮತ್ತೆಂತ ಬೇಡ” ಎಂದಿದ್ದರು ಅತ್ತೆ.

ಮಾಡಿದೆ. ಮಾಡಲಿಲ್ಲ ಎನ್ನುವಂತಿಲ್ಲ. ಸಿಮ್ಯುಲೇಟರಿನಲ್ಲಿ ಅಕ್ಷರದ ಗಾತ್ರಕ್ಕೆ ಒಂದು ಗೀಟು ಇದೆ, ಅದರ ಮೇಲೊಂದು ಗುಂಡು. ಗುಂಡನ್ನು ಬಲಕ್ಕೆ ಎಳೆದಷ್ಟೂ ಅಕ್ಷರ ದೊಡ್ಡದಾಗುತ್ತದೆ. ಬಲತುದಿಗೆ ಎಳೆದು ಅತ್ತೆಯ ಗಾತ್ರಕ್ಕೆ ತಂದಾಗ ನನ್ನ ಮುದ್ದಾದ ಆ್ಯಪು ಗಾಳಿಗೆ ಸಿಕ್ಕಿದ ಬಟ್ಟೆಯ ಸಾಲಿನಂತಾಯಿತು. ಒಂದು ಸಾಲು ಮೂರು ಸಾಲಾಗಿ ಜೋತುಬಿತ್ತು. ಬಸ್ಸು ಹುಡುಕಲು ಒತ್ತುವ ಹಸಿರು ಗುಂಡಿ ಪರದೆಯಿಂದ ಕೆಳಗೆ ಜಾರಿ ಕಾಣೆಯಾಯಿತು. ‘ತೀರ್ಥಹಳ್ಳಿ’ಯ ‘ಹಳ್ಳಿ’ ಕೆಳಗಿನ ಸಾಲಿಗೆ ಬಿದ್ದು ತೀರ್ಥ ಮಾತ್ರ ಮೇಲುಳಿಯಿತು. ನೋಡಲಾಗಲಿಲ್ಲ ನನಗೆ. ಮದುವೆ ಕಾಗದದ ಅಂಚಿಗೆ ಹೂಬಳ್ಳಿ ಕೂರಿಸಿದ ಕೈ ಇದು. ಪ್ರತಿಯೊಂದೂ ಒಂದೇ ಸಾಲಿನಲ್ಲಿ ಇರತಕ್ಕದ್ದು, ಹಿಡಿಸದಿದ್ದರೆ ಉಳಿದದ್ದನ್ನು ಕತ್ತರಿಸಿ ಕೊನೆಗೆ ಮೂರು ಚುಕ್ಕಿ ಇಡತಕ್ಕದ್ದು ಎಂದು ಆಜ್ಞೆ ಬರೆದೆ. ಮತ್ತೆ ಗುಂಡನ್ನು ಬಲತುದಿಗೆ ಎಳೆದು ನೋಡಿದೆ. ದೊಡ್ಡ ಅಕ್ಷರ, ನೇರ ಸಾಲು, ಕೊನೆಗೆ ಕುಂಕುಮದ ಬೊಟ್ಟಿನ ಹಾಗೆ ಮೂರು ಚುಕ್ಕಿ. ಚಂದ ಇತ್ತು. ನೋಡಿದೆ ಅಂದೆನಲ್ಲ, ಓದಿದೆ ಎಂದು ಹೇಳಲಿಲ್ಲ.

ಇನ್ನು ವಿಮಲಕ್ಕನ ವಿಷಯ ಹೇಳಬೇಕು. ವಿಮಲಕ್ಕ ಮೇಗರವಳ್ಳಿ ಕಡೆಯವರು. ಹರೆಯದಲ್ಲಿ ಅತ್ತೆ ಮತ್ತು ಅವರು ಸೇರಿಯೇ ಹೊಸನಗರದಲ್ಲಿ ಹೊಲಿಗೆ ತರಗತಿ ಶುರುಮಾಡಿದ್ದು. ಒಂದೇ ಬುತ್ತಿಯಲ್ಲಿ ಉಂಡವರು. ವಿಮಲಕ್ಕನ ಮದುವೆ ಗೊತ್ತಾದಾಗ ಧಾರೆಯ ಕುಪ್ಪಸವನ್ನು ಅವರ ಅಮ್ಮ ತೀರ್ಥಹಳ್ಳಿಯ ಇನ್ನೊಬ್ಬ ಟೈಲರಿಗೆ ಕೊಟ್ಟುಬಿಟ್ಟರು. ಅಷ್ಟೇ. ಅತ್ತೆ ಮದುವೆಗೆ ಹೋಗಲಿಲ್ಲ. ವಿಮಲಕ್ಕ ಗಂಡನ ಜೊತೆ ಪುಣೆಗೆ ಹೋದವರು ಒಂದು ಮಾತು ಬರೆಯಲಿಲ್ಲ. ದೇಶ ದೇಶಗಳು ಗಡಿಗಾಗಿ ಜಗಳವಾಡುತ್ತವೆ. ಇವರಿಬ್ಬರೂ ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಕುಪ್ಪಸಕ್ಕಾಗಿ ಮಾತು ಬಿಟ್ಟಿದ್ದರು.

ಈ ಬೇಸಿಗೆಯಲ್ಲಿ ವಿಮಲಕ್ಕ ಅಣ್ಣನ ಮನೆಗೆ ಬಂದವರು ಯಾರದೋ ಕೈಯಿಂದ ನಂಬರು ಪಡೆದು ತಾವಾಗಿಯೇ ಅತ್ತೆಗೆ ಫೋನು ಮಾಡಿದರು. ಭಾನುವಾರ ಸಂಜೆ ಹೊರಡುತ್ತೇನೆ, ಮಧ್ಯಾಹ್ನ ತೀರ್ಥಹಳ್ಳಿಗೆ ಬಾ, ಒಟ್ಟಿಗೆ ಊಟ ಮಾಡೋಣ, ಮುಖ ನೋಡಿ ಹೋಗುತ್ತೇನೆ ಎಂದರಂತೆ. ಅತ್ತೆ ಅಂದೇ ಬಟ್ಟೆ ತಂದು, ಭೂತಗನ್ನಡಿ ಹಿಡಿದು, ಅಂದಾಜಿನ ಅಳತೆಯಲ್ಲಿ ಒಂದು ಕುಪ್ಪಸ ಹೊಲಿದರು. ಇದು ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಭಾನುವಾರ ಮಧ್ಯಾಹ್ನ, ಅತ್ತೆಯ ಫೋನು ಬಂದಾಗ.

“ಏ ಹುಡುಗಿ, ನಿನ್ನ ಬಸ್ ಬರ್ಲೇ ಇಲ್ವಲ್ಲೇ.”

“ಯಾವ ಬಸ್ಸು ಅತ್ತೆ?”

“ತೀರ್ಥಳ್ಳಿಗೆ ಹೋಗೋದು. ಸೀದಾ ಬಸ್ಸು.”

“ಇವತ್ತು ಭಾನುವಾರ ಅಲ್ವಾ? ಆ ಬಸ್ಸು ಭಾನುವಾರ ಇರೋದಿಲ್ಲ. ಆ್ಯಪಲ್ಲಿ ಹಾಕಿದೀನಲ್ಲ.”

“ಇರು ಅಂತ ಹಾಕಿದೀಯ. ಅದ್ಕೇ ಇದ್ದೆ.”

“ಕನ್ನಡಕ ಹಾಕ್ಕೊಂಡು ಸರಿಯಾಗಿ ಓದಿ ಅತ್ತೆ” ಎಂದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿ ಫೋನಿನಲ್ಲಿ ಯಾಕಿಲ್ಲ ಎಂದು ಆಮೇಲೆ ಬಹಳ ಸಲ ಅನ್ನಿಸಿದೆ. ಅತ್ತೆ ಫೋನಿಟ್ಟರು. ನಾನು ಕಂಪ್ಯೂಟರ್ ತೆರೆದು, ಹುಸಿ ಮೊಬೈಲನ್ನು ಹೊಸನಗರದಲ್ಲಿ ನಿಲ್ಲಿಸಿ, ಗುಂಡನ್ನು ಬಲತುದಿಗೆ ಎಳೆದೆ. ನಾನು ಬರೆದಿದ್ದದ್ದು ‘ಭಾನುವಾರ ಇರುವುದಿಲ್ಲ’ ಎಂದು. ಪರದೆಯ ಮೇಲೆ ದೊಡ್ಡದಾಗಿ, ಅಚ್ಚುಕಟ್ಟಾಗಿ ಕಾಣುತ್ತಿದ್ದದ್ದು ‘ಭಾನುವಾರ ಇರು…’ ಎಂದು.

ನಮ್ಮ ಕನ್ನಡ ಬಹಳ ಮರ್ಯಾದೆಯ ಭಾಷೆ. ಬಂದವರಿಗೆ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದಿಲ್ಲ. ಒಳಗೆ ಕರೆದು, ಕೂರಿಸಿ, ಎಲ್ಲ ಮಾತನ್ನೂ ಆಡಿ, ಕಟ್ಟಕಡೆಗೆ ಕ್ರಿಯಾಪದದ ಬಾಲದಲ್ಲಿ ‘ಇಲ್ಲ’ವನ್ನು ಇಡುತ್ತದೆ. ಆ ಬಾಲವನ್ನೇ ನಾನು ಚಂದಕ್ಕಾಗಿ ಕತ್ತರಿಸಿದ್ದೆ.

ಮರುದಿನ ಹೊಸನಗರಕ್ಕೆ ಹೋದೆ. ಈ ಸಲ ಕುರ್ಚಿಯಲ್ಲಿ ಕೂತಲ್ಲ, ನಿಜದ ಬಸ್ಸಿನಲ್ಲಿ. ಅತ್ತೆ ಕಾಫಿ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಬೇರೆ ಬಸ್ಸು ಯಾವುದೂ ಬರ್ಲಿಲ್ವಾ ಅತ್ತೆ?”

“ಬಂದಿತ್ತು ಒಂದು. ಸುತ್ತಿ ಹೋಗೋದು. ಕಂಡಕ್ಟರು ಹತ್ತಿ ಅಮ್ಮಾ ಅಂದ. ನಾನೇ ಬೇಡ ಅಂದೆ, ಸೀದಾ ಬಸ್ಸು ಬರ್ತದಲ್ಲ ಅಂತ. ಪಕ್ಕದ ಮನೆ ಗಣಪತಿ ಬೈಕ್ ನಿಲ್ಲಿಸಿ, ಇವತ್ತು ಆ ಬಸ್ ಇಲ್ಲ ಅನ್ಸುತ್ತೆ ಅಂದ. ನಿಂಗೆಂತ ಗೊತ್ತು, ನಮ್ಮ ಹುಡುಗಿ ಮಾಡಿದ್ದು ಇದು, ನೋಡು ಅಂತ ಮೊಬೈಲ್ ತೋರ್ಸಿ ಕಳಿಸ್ದೆ.”

ಕಾಫಿ ಲೋಟವನ್ನು ಕೆಳಗಿಟ್ಟೆ. ಊರಿನ ಒಬ್ಬ ಮನುಷ್ಯ ನಿಜ ಹೇಳಿದಾಗ ಅವನ ಎದುರು ನನ್ನ ಪರವಾಗಿ ವಾದಿಸಿದ್ದಾರೆ ಅತ್ತೆ. ವಿಮಲಕ್ಕನಿಗೆ ಫೋನು ಮಾಡಿದರೆ ಮೊದಲು, ಅವರಿನ್ನೂ ಕಾಡಿನ ದಾರಿಯಲ್ಲಿದ್ದಾಗ, ಸಿಗಲೇ ಇಲ್ಲವಂತೆ. ಬಸ್ಸು ಬಂದೇ ಬರುತ್ತದೆಂದು ಕಾದು ಅತ್ತೆ ಮತ್ತೆ ಮಾಡುವ ಹೊತ್ತಿಗೆ ವಿಮಲಕ್ಕ ತೀರ್ಥಹಳ್ಳಿಯ ಹೋಟೆಲಿನಲ್ಲಿ ಒಬ್ಬರೇ ಕಾದು ಕೂತು ಎದ್ದು ಹೋಗಿದ್ದರು. ಆಮೇಲೆ ಫೋನು ರಿಂಗಾಯಿತು, ಅವರು ಎತ್ತಲಿಲ್ಲ. ಕುಪ್ಪಸ ಚೀಲದೊಳಗೇ ಇತ್ತು.

ನಾನು ನನ್ನ ಫೋನಿನಿಂದ ಮಾಡಿದೆ. ಗುರುತಿಲ್ಲದ ನಂಬರಾದ್ದರಿಂದ ಎತ್ತಿದರು. ಯಾರು, ಏನು ಎಂದೆಲ್ಲ ಹೇಳಿ, ತಪ್ಪು ನನ್ನದು, ಅಕ್ಷರದ ಗಾತ್ರ, ಮೂರು ಚುಕ್ಕಿ, ಎಂದು ವಿವರಿಸತೊಡಗಿದೆ. ಹೇಳುತ್ತ ಹೋದಂತೆ ನನಗೇ ಅದು ಕಟ್ಟುಕತೆಯ ಹಾಗೆ ಕೇಳಿಸಿತು.

“ಅದೆಲ್ಲ ನಂಗೆ ಅರ್ಥ ಆಗಲ್ಲಮ್ಮ” ಎಂದರು ವಿಮಲಕ್ಕ. “ಅವ್ಳು ಆವತ್ತೂ ಬರ್ಲಿಲ್ಲ, ಇವತ್ತೂ ಬರ್ಲಿಲ್ಲ. ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ಲಿ. ನಿನ್ನ ಕೈಲಿ ಯಾಕೆ ಸುಳ್ಳು ಹೇಳಿಸ್ಬೇಕು?”

ಸಾಗರಕ್ಕೆ ಬಂದವಳು ಹುಸಿ ಮೊಬೈಲಿನ ಪರದೆಯ ಚಿತ್ರ ತೆಗೆದು ಅವರಿಗೆ ಕಳಿಸಿದೆ. ಸಣ್ಣ ಅಕ್ಷರದಲ್ಲಿ ಒಂದು, ಅತ್ತೆಯ ಗಾತ್ರದಲ್ಲಿ ಒಂದು. ಹುಸಿ ಮೊಬೈಲನ್ನೇ ಸಾಕ್ಷಿಗೆ ತಂದು ನಿಲ್ಲಿಸಿದ್ದು ಅದೇ ಮೊದಲು. ಎರಡು ದಿನ ಉತ್ತರ ಬರಲಿಲ್ಲ. ಆಮೇಲೆ ಒಂದು ಧ್ವನಿ ಸಂದೇಶ ಬಂತು. “ನೋಡಿದೆ. ಇರು ಅಂತಲೇ ಇದೆ. ಅವ್ಳು ಹೇಳಿದ್ದು ಕೇಳೋಳೇ ಅಲ್ಲ ಯಾವತ್ತೂ, ನಿನ್ನ ಮೊಬೈಲು ಹೇಳಿದ್ದು ಮಾತ್ರ ಕೇಳಿದಾಳೆ.” ಕೊನೆಯಲ್ಲಿ ನಕ್ಕರೋ ಮೂಗು ಒರೆಸಿಕೊಂಡರೋ ನನಗೆ ಸ್ಪಷ್ಟವಾಗಲಿಲ್ಲ.

ಕುಪ್ಪಸವನ್ನು ಕೊರಿಯರ್ ಮಾಡಿದೆ. ತಲುಪಿದ ದಿನ ಅವರೇ ಅತ್ತೆಗೆ ಫೋನು ಮಾಡಿ ಹೇಳಿದ ಮೊದಲ ಮಾತು, “ತೋಳು ಬಿಗಿ.” ಅತ್ತೆಗೂ ಜೀವ ಬಂತು. “ಅಳತೆ ಕೊಡದೆ ಹೊಲಿಸ್ಕೊಂಡ್ರೆ ಬಿಗಿ ಆಗದೆ ಇನ್ನೆಂತ ಆಗ್ತದೆ? ಎದುರಿಗಿದ್ದಿದ್ರೆ ಟೇಪ್ ಹಿಡೀತಿದ್ದೆ!” ಎಂದರಂತೆ.

ಈಗ ಆಗೀಗ ಮಾತಾಡುತ್ತಾರೆ. ಆದರೆ ವಿಮಲಕ್ಕನ ಅಣ್ಣ ಮೇಗರವಳ್ಳಿಯ ಮನೆ ಬಿಟ್ಟು ಮಗಳ ಊರಿಗೆ ಹೊರಟಿದ್ದಾರೆ. ಇನ್ನು ವಿಮಲಕ್ಕನಿಗೆ ಈ ಕಡೆ ಬರಲು ಕಾರಣವಿಲ್ಲ. ಅತ್ತೆಗೆ ಪುಣೆಗೆ ಹೋಗುವ ಕಸುವಿಲ್ಲ. ವಿಡಿಯೋ ಕಾಲ್ ಮಾಡಿಕೊಡಲಾ ಎಂದು ನಾನು ಕೇಳಿದ್ದಕ್ಕೆ, “ಮಾಡ್ಬಹುದು. ಆದ್ರೆ ನಂಗೆ ಅಷ್ಟು ಸಣ್ಣ ಮುಖ ಕಾಣಲ್ಲ ಕಣೇ” ಎಂದರು ಅತ್ತೆ. ಮುಖ ದೊಡ್ಡದು ಮಾಡುವ ಗೀಟು ಎಲ್ಲಾದರೂ ಇದೆಯೇ ಎಂದು ನಾನು ಸೆಟ್ಟಿಂಗಿನೊಳಗೆಲ್ಲ ಹುಡುಕಿದ್ದು ನಿಜ.

ಆ್ಯಪನ್ನು ತಿದ್ದಿದೆ. ಸಾಲುಗಳು ಎಷ್ಟು ಬೇಕಾದರೂ ಜೋತುಬೀಳಲಿ ಎಂದು ಬಿಟ್ಟೆ. ಈಗ ಅದು ನೋಡಲು ಸುಂದರವಾಗಿಲ್ಲ. ತಿದ್ದಿದ ಆ್ಯಪನ್ನು ಮತ್ತೆ ಜನರಿಗೆ ಬಿಡುವಾಗ ಒಂದು ಖಾಲಿ ಚೌಕ ಬರುತ್ತದೆ, ಈ ಸಲ ಏನು ಬದಲಾಗಿದೆ ಎಂದು ಬಳಕೆದಾರರಿಗೆ ತಿಳಿಸಿ ಎಂದು. ಅದರ ಮುಂದೆ ತುಂಬ ಹೊತ್ತು ಕೂತಿದ್ದೆ. ಸರೋಜತ್ತೆ ಎಂದು ಬರೆದೆ, ಅಳಿಸಿದೆ. ಕ್ಷಮಿಸಿ ಎಂದು ಬರೆದೆ, ಅದನ್ನೂ ಅಳಿಸಿದೆ. ಬಸ್ಸಿನ ಹೊತ್ತು ನೋಡಲು ಬಂದವರಿಗೆ ಇದೆಲ್ಲ ಯಾಕೆ ಎನ್ನಿಸಿತು. ಕೊನೆಗೆ ಲೋಕದ ಎಲ್ಲ ಆ್ಯಪಿನವರೂ ಬರೆಯುವುದನ್ನೇ ಬರೆದು ಗುಂಡಿ ಒತ್ತಿದೆ: ‘ಕೆಲವು ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.’