ಡಬ್ಬ ಇಲ್ಲದ ಗಿಟಾರು

ಮದುವೆ ಮನೆಯಲ್ಲಿ ಗಿಟಾರು ಹಿಡಿದು ನಿಂತವನಿಗೆ ನಗೆಪಾಟಲು ತಪ್ಪಿದ್ದಲ್ಲ. ನಾನು ಟ್ಯಾಬ್ ಕೊಂಡ ಮೇಲಂತೂ ಅದಕ್ಕೆ ಬಿಡುವೇ ಇಲ್ಲ. ನಮ್ಮದು ಕೆ.ಆರ್. ನಗರದ ಆರ್ಕೆಸ್ಟ್ರಾ. ಆಂಪ್ಲಿಫೈಯರ್ ಡಬ್ಬವನ್ನು ಬಸ್ಸಿಗೆ ಹತ್ತಿಸಿ ಇಳಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಆ ಡಬ್ಬದ ಕೆಲಸವನ್ನೂ ಕಾಲಲ್ಲಿ ಒತ್ತುವ ಪೆಡಲುಗಳ ಕೆಲಸವನ್ನೂ ಈಗ ಟ್ಯಾಬಿನೊಳಗಿನ ಒಂದು ಆ್ಯಪೇ ಮಾಡುತ್ತದೆ. ಗಿಟಾರಿನ ವೈರು ಟ್ಯಾಬಿಗೆ, ಟ್ಯಾಬಿನ ವೈರು ಮೈಕ್‌ಸೆಟ್ಟಿಗೆ, ಅಷ್ಟೇ. ಆದರೆ ಆರ್ಕೆಸ್ಟ್ರಾ ನಡೆಸುವ ನಮ್ಮ ಮಾಸ್ಟ್ರಿಗೆ ಅದನ್ನು ಕಂಡರೆ ಆಗದು; ಅವರ ಬಾಯಲ್ಲಿ ಟ್ಯಾಬ್ ಅಂದರೆ 'ಸ್ಲೇಟು'.

ಪರೀಕ್ಷೆ

ಹುಣಸೂರಿನ ಮದುವೆಯಲ್ಲಿ ಗಂಡಿನ ದೊಡ್ಡಪ್ಪ ಮುಂದಿನ ಸಾಲಿನಿಂದ ಎದ್ದು ನೇರ ಸ್ಟೇಜಿಗೆ ಬಂದು ಟ್ಯಾಬಿನ ಕಡೆ ಬೆರಳು ಮಾಡಿದರು.

"ಏನಯ್ಯಾ, ಇದ್ರಲ್ಲಿ ಹಾಡಾಕ್ಬುಟ್ಟು ಸುಮ್ಕೆ ಕೈ ಆಡುಸ್ತಿದ್ದೀಯಾ?"

"ಇಲ್ಲ ಯಜಮಾನ್ರೇ, ನಾನೇ ನುಡುಸ್ತಿರೋದು."

"ಅಂಗಾರೆ ಅದ ತೆಗ್ದುಬುಟ್ಟು ನುಡ್ಸು, ನೋಡವ."

ಇದು ಎಲೆಕ್ಟ್ರಿಕ್ ಗಿಟಾರು, ವೈರು ತೆಗೆದರೆ ಸದ್ದೇ ಬರಲ್ಲ ಎಂದು ವಿವರಿಸಲು ಹೋದೆ. ಅಷ್ಟರಲ್ಲಿ ಅವರೇ ವೈರು ಕಿತ್ತರು. ನುಡಿಸಿದೆ. ಪಕ್ಕದಲ್ಲಿದ್ದ ಗಾಯಕಿಗೂ ಕೇಳಿಸಲಿಲ್ಲ.

"ನೋಡುದ್ರಾ? ನಾನೇಳ್ಲಿಲ್ವಾ!" ಎಂದು ದೊಡ್ಡಪ್ಪ ಜನರ ಕಡೆ ತಿರುಗಿದರು. ಛತ್ರವೆಲ್ಲ ಚಪ್ಪಾಳೆ ತಟ್ಟಿತು. ನನ್ನ ಗಿಟಾರಿಗೆ ಅಷ್ಟು ಜೋರು ಚಪ್ಪಾಳೆ ಯಾವತ್ತೂ ಬಿದ್ದಿರಲಿಲ್ಲ.

ಜೋಗುಳ

ಪಿರಿಯಾಪಟ್ಟಣದಲ್ಲಿ ನಾಮಕರಣ. ತೊಟ್ಟಿಲಲ್ಲಿ ಮಗು ಕಿರಿಚಿ ಅಳುತ್ತಿತ್ತು. ನಾವು ಮೆಲ್ಲಗೆ ಜೋಗುಳ ಹಿಡಿದೆವು. ಮಗುವಿನ ಅಜ್ಜಿ ಪ್ರೀತಿಯಿಂದ ನನಗೆ ಪಾಯಸ ತಂದರು. ಲೋಟ ಇಡುವಾಗ ಅವರ ಬೆರಳು ಟ್ಯಾಬಿಗೆ ತಾಗಿ ಸೌಂಡು ಬದಲಾಯಿತು. ಗಿಟಾರು ದಿಣ್ಣೆ ಹತ್ತುವ ಲಾರಿಯ ಹಾಗೆ ಗುರ್ರೆಂದಿತು. ಎಲ್ಲರೂ ಬೆಚ್ಚಿದರು. ಮಗು ಮಾತ್ರ ಗಪ್‌ಚಿಪ್! ನಾನು ಗಾಬರಿಯಿಂದ ಸರಿಮಾಡಿದೆ. ಅದು ಮತ್ತೆ ಅಳು ಶುರುಹಚ್ಚಿತು.

"ಅದ್ನೇ ಹಾಕಪ್ಪಾ, ನಿನ್ ದಮ್ಮಯ್ಯ!" ಎಂದರು ಅಜ್ಜಿ.

ಊಟ ಮುಗಿಯುವ ತನಕ ಜೋಗುಳವನ್ನು ಗುರ್ರೆನ್ನಿಸಿದೆ. ಮಗು ಸೊಗಸಾಗಿ ಮಲಗಿತು; ನಿದ್ದೆ ಕೆಟ್ಟಿದ್ದು ಮಾಸ್ಟ್ರಿಗೆ.

"ಇನ್ಮೇಲೆ ಡಬ್ಬ ತಂದ್ರೆ ಬಾ. ಈ ಸ್ಲೇಟು ಇಡ್ಕಂಡ್ ಬಂದ್ರೆ ಬೇರೆಯವ್ರ ಕರ್ಕತೀನಿ" ಎಂದರು.

ನಿಜ ಹೇಳುತ್ತೇನೆ, ನನಗೆ ಅಳುವೇ ಬಂತು. ಸ್ಟೇಜು ಬಿಟ್ಟು ಬದುಕುವುದು ನನಗೆ ಗೊತ್ತಿಲ್ಲ.

ಡಬ್ಬ

ಬೀಚನಹಳ್ಳಿಯ ಮದುವೆಗೆ ಡಬ್ಬ ತಂದೆ. ಒಳಗಿನ ಭಾರದ ಸಾಮಾನೆಲ್ಲ ಬಿಚ್ಚಿ ಮನೆಯಲ್ಲೇ ಇಟ್ಟಿದ್ದೆ. ಟ್ಯಾಬು ಡಬ್ಬದ ಹಿಂದೆ ಅಡಗಿ ಕೂತಿತ್ತು. ಗುಟ್ಟು ಗೊತ್ತಿದ್ದದ್ದು ರಿದಂ ಪ್ಯಾಡ್ ಬಾರಿಸುವ ನನ್ನ ಗೆಳೆಯನಿಗೆ ಮಾತ್ರ.

ಮೊದಲ ಹಾಡಿಗೇ ಮಾಸ್ಟ್ರು ಕಣ್ಣುಮುಚ್ಚಿ ತಲೆದೂಗಿದರು. ಹಾಡು ಮುಗಿದೊಡನೆ ಮೈಕಿನಲ್ಲೇ ಹೇಳಿದರು: "ಇದು ಕಣ್ರೀ ಡಬ್ಬದ ಸೌಂಡು! ಸ್ಲೇಟಲ್ಲಿ ಬತ್ತದಾ ಇದು?"

ನಾನು ವಿನಯದಿಂದ ತಲೆ ತಗ್ಗಿಸಿದೆ.

ಚಪ್ಪಲಿ ಬಿಟ್ಟೇ ಸ್ಟೇಜು ಹತ್ತುವುದು ನಮ್ಮ ಪದ್ಧತಿ. ಮದುವೆ ಮನೆಯಲ್ಲಿ ಬಿಟ್ಟ ಚಪ್ಪಲಿ ಮತ್ತೆ ಸಿಗುವುದು ಪುಣ್ಯವಂತರಿಗೆ. ಕಾರ್ಯಕ್ರಮ ಮುಗಿದ ಮೇಲೆ ಮಾಸ್ಟ್ರು ಮೆಟ್ಟಿಲ ಬಳಿ ಹುಡುಕಾಡಿ ಕೂಗಿದರು: "ನನ್ ಹೊಸ ಚಪ್ಲಿ ಯಾವನ್ಲಾ ಎತ್ಕಂಡೋನು?"

"ಎಲ್ಲೂ ಓಗಿಲ್ಲ ಮಾಸ್ಟ್ರೇ, ಜ್ವಾಪಾನ್ವಾಗಿ ಇಟ್ಟಿವ್ನಿ" ಎಂದ ಗೆಳೆಯ, ಹಿಂದುಮುಂದು ನೋಡದೆ ಡಬ್ಬದೊಳಗೆ ಕೈಹಾಕಿ ಅವರ ಚಪ್ಪಲಿ ತೆಗೆದ. ಆಮೇಲೆ ತನ್ನದು. ಆಮೇಲೆ ಗಾಯಕಿಯದು.

ಮಾಸ್ಟ್ರು ಬಗ್ಗಿ ಖಾಲಿ ಡಬ್ಬ ನೋಡಿದರು. ಹಿಂದಿದ್ದ ಟ್ಯಾಬ್ ನೋಡಿದರು. ನನ್ನನ್ನು ನೋಡಿದರು. ಅವರು ಚಪ್ಪಲಿ ಮೆಟ್ಟಿಕೊಂಡು ಒಂದಿಷ್ಟು ದೂರ ಹೋಗಿ ತಿರುಗಿದರು.

"ಭಾನುವಾರ ಎನ್. ಬೇಗೂರಲ್ಲಿ ಪ್ರೋಗ್ರಾಂ ಅದೆ. ಸ್ಲೇಟು ತಗಂಬಾ."

"ಡಬ್ಬ, ಮಾಸ್ಟ್ರೇ?"

"ಅದ್ನೂ ತಗಂಬಾರ್ಲಾ. ಚಪ್ಲಿ ಎಲ್ಲಿ ಬುಡಾದು ಮತ್ತೆ?"