ಅತ್ತೆಯವರ ಸೀರೆ ಹುಡುಕಿದ್ದು

ನನಗೆ ಯಾವುದನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ನಮ್ಮ ಯಜಮಾನರು ಇದನ್ನು ಗುಜರಿ ಬುದ್ಧಿ ಅನ್ನುತ್ತಾರೆ, ನಾನು ಪ್ರೀತಿ ಅನ್ನುತ್ತೇನೆ. ದೊಡ್ಡ ಮಗಳು ಅನಘಾ ಮೊದಲ ಹುಟ್ಟುಹಬ್ಬಕ್ಕೆ ಹಾಕಿದ ಫ್ರಾಕು, ಚಿಕ್ಕವಳು ಮೈತ್ರಿ ಕಚ್ಚಿ ಕಚ್ಚಿ ತೂತು ಮಾಡಿದ ಟೋಪಿ, ಯಜಮಾನರು ನನ್ನನ್ನು ನೋಡಲು ಬಂದಾಗ ತೊಟ್ಟಿದ್ದ, ಈಗ ಅವರ ಹೊಟ್ಟೆಯ ಹತ್ತಿರಕ್ಕೂ ಬಾರದ ಷರಟು, ಎಲ್ಲವೂ ಶೋಳಿಂಗನಲ್ಲೂರಿನ ನಮ್ಮ ಫ್ಲ್ಯಾಟಿನಲ್ಲಿ ಮಂಚದ ಕೆಳಗಿನ ಟ್ರಂಕಿನಲ್ಲಿವೆ. ನೆಂಟರು ಬಂದರೆ ಮಲಗಲು ಜಾಗವಿಲ್ಲದಿದ್ದರೂ ಆ ಟ್ರಂಕಿಗೆ ಮಾತ್ರ ಜಾಗವಿದೆ.

ನಮ್ಮತ್ತೆಯವರು ಇದಕ್ಕೆ ತದ್ವಿರುದ್ಧ. ಮೈತ್ರಿ ಹುಟ್ಟಿದಾಗ ಮೈಸೂರಿನಿಂದ ಬಾಣಂತನಕ್ಕೆ ಬಂದವರು ನಮ್ಮಲ್ಲೇ ಉಳಿದರು. ಬೀದಿಯಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವನ ಕೂಗು ಕೇಳಿದರೆ ಸಾಕು, ತಮ್ಮ ಸೀರೆ ಎತ್ತಿಕೊಂಡು ಗೇಟಿಗೆ ಇಳಿಯುತ್ತಿದ್ದರು. ತಮಿಳು ಒಂದಕ್ಷರ ಬಾರದು. ಮೈಸೂರು ಕನ್ನಡದಲ್ಲೇ ಚೌಕಾಸಿ. “ಏನಯ್ಯಾ, ಇಂಥಾ ಗಟ್ಟಿ ಸೀರೆಗೆ ಈ ತಗಡು ಲೋಟಾನಾ? ಆ ಡಬ್ಬ ತೆಗಿ, ಆ ಡಬ್ಬ!” ಅವನು ತಮಿಳಿನಲ್ಲಿ ಗೋಳಾಡಿ ಕೊನೆಗೆ ಡಬ್ಬವನ್ನೇ ಕೊಟ್ಟು ಹೋಗುತ್ತಿದ್ದ. “ಅತ್ತೆ, ನೆನಪಿಗಾದರೂ ಒಂದು ಇಟ್ಕೊಳ್ಳಿ” ಎಂದರೆ, “ಮಡಿಚಿಟ್ಟರೆ ನುಸಿ ತಿನ್ನುತ್ತೆ, ಅಷ್ಟೇ. ಹೋಗಮ್ಮ, ಕೆಲಸ ನೋಡು” ಅನ್ನುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡರು. ಉಟ್ಟು ಉಳಿದಿದ್ದ ಎರಡು ಮೂರು ಸೀರೆಗಳನ್ನೂ, ಅವರು ಮೊದಲೇ ಹೇಳಿಟ್ಟಿದ್ದಂತೆ, ಕೆಲಸದವಳಿಗೆ ಕೊಟ್ಟಾಯಿತು.

ಈ ಬೇಸಿಗೆ ರಜೆಯಲ್ಲಿ ಹೊರಗೆ ಕಾಲಿಡಲಾಗದ ಬಿಸಿಲು. ಟ್ರಂಕಿನ ಬಟ್ಟೆಗಳಿಂದ ಮನೆಯವರದೆಲ್ಲ ಒಂದೊಂದು ತುಂಡು ಸೇರಿಸಿ, ಗೋಡೆಗೆ ತೂಗುಹಾಕುವ ನೆನಪಿನ ಕೌದಿ ಹೊಲಿಯೋಣ ಎಂದು ಮಕ್ಕಳನ್ನು ಕೂರಿಸಿಕೊಂಡೆ. ಫ್ರಾಕಿಗೆ ಕತ್ತರಿ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. “ಅಯ್ಯೋ, ಕಟ್ ಪಣ್ಣುಮ್ಮಾ!” ಎಂದು ಅನಘಾ ತಮಿಳಿನಲ್ಲಿ ಗದರಿಸಿ ತಾನೇ ಕತ್ತರಿಸಿದಳು. ನಾಲ್ವರ ತುಂಡುಗಳೂ ಸುತ್ತ ಕೂತವು. “ನಡುವೆ ಅಜ್ಜಿ!” ಎಂದಳು ಮೈತ್ರಿ.

ಅಜ್ಜಿಯದು ಏನಿದೆ? ಟ್ರಂಕು ಬುಡಮೇಲು ಮಾಡಿದೆ, ಬೀರು ಜಾಲಾಡಿದೆ. ಒಂದು ಕರವಸ್ತ್ರವೂ ಇಲ್ಲ. ಹರಿದ ಟೋಪಿಯನ್ನೂ ಜೋಪಾನ ಮಾಡಿದ ನನ್ನ ಮನೆಯಲ್ಲಿ, ಈ ಮಕ್ಕಳನ್ನು ಎರೆದು ತೊಳೆದು ಬೆಳೆಸಿದ ಹೆಂಗಸಿನ ಒಂದು ನೂಲೂ ಇಲ್ಲವಲ್ಲ! ಅತ್ತೆಯವರ ಮೇಲೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಕೌದಿಯ ನಡುವೆ ಖಾಲಿ ಬಿಟ್ಟು ಹೊಲಿಯಲು ನನಗೆ ಮನಸ್ಸಾಗಲಿಲ್ಲ.

“ಅಜ್ಜಿ ಸೀರೆ ಇದೆಯಲ್ಲಮ್ಮ” ಎಂದು ಮೈತ್ರಿ ಅಡುಗೆಮನೆಗೆ ಓಡಿ ಹಾಲಿನ ಪಾತ್ರೆ ತಂದಳು. ಅಜ್ಜಿಯ ಜೊತೆಗೇ ಬೆಳೆದವಳಾದ್ದರಿಂದ ಇವಳ ಬಾಯಲ್ಲಿ ಇನ್ನೂ ಕನ್ನಡವಿದೆ. “ಇದು ಹಸಿರು ಸೀರೆ. ಹುಣಸೆಹಣ್ಣಿನ ಡಬ್ಬ ಚೌಕಳಿ ಸೀರೆ. ಬೇಳೆ ಡಬ್ಬ ಅಜ್ಜಿ ತಿರುಪತಿಗೆ ಉಟ್ಕೊಂಡು ಹೋಗಿದ್ದು.”

ಆಗ ಹೊಳೆಯಿತು. ನಾನು ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದಾಗ ಅಡುಗೆಮನೆಯಿಂದ ಅತ್ತೆಯವರ ದನಿ ಕೇಳುತ್ತಿತ್ತು: “ಪುಟ್ಟಿ, ಹಸಿರು ಸೀರೆ ತೊಗೊಂಬಾ, ಹಾಲು ಕಾಸ್ಬೇಕು.” ಪಾಪ, ವಯಸ್ಸಾಯಿತು, ಅರಳುಮರಳು ಎಂದುಕೊಂಡು ಡಾಕ್ಟರಿಗೆ ತೋರಿಸಿ ಎಂದು ಯಜಮಾನರಿಗೂ ಹೇಳಿದ್ದೆ! ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಮಕ್ಕಳೆದುರೇ ಅತ್ತುಬಿಟ್ಟೆ. ಅವರಿಲ್ಲದೆ ಮನೆ ಬಿಕೋ ಅನ್ನುತ್ತದೆ ಎಂದು ಆವತ್ತೇ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅನಘಾ ಮೆಲ್ಲಗೆ ಪಾತ್ರೆ ತೆಗೆದುಕೊಂಡು ಕೌದಿಯ ನಡುವೆ ಬೋರಲು ಹಾಕಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಆ ಗೆರೆಯ ಮೇಲೆ ಇಬ್ಬರೂ ಹಸಿರು ದಾರದಲ್ಲಿ ಹೊಲಿದರು. ವೃತ್ತ ಸೊಟ್ಟಗಾಯಿತು, ಆದರೂ ಅಜ್ಜಿ ನಡುವೆ ಬಂದರು.

ಉಳಿದ ಸೀರೆಗಳ ಪರಿಚಯವೂ ಆಗಲಿ ಎಂಬ ಆಸೆಯಿಂದ ಇಡ್ಲಿ ಪಾತ್ರೆ ತಂದು, “ಇದು ಅಜ್ಜೀದು ಯಾವ ಸೀರೆ, ಪುಟ್ಟಿ?” ಎಂದೆ. ಮೈತ್ರಿ ಒಮ್ಮೆ ಅಕ್ಕನ ಮುಖ ನೋಡಿ, ದನಿ ತಗ್ಗಿಸಿ ಹೇಳಿದಳು:

“ಅದು ಅಜ್ಜೀದಲ್ಲ, ನಿಂದು. ನೇರಳೆದು, ಜರಿ ಇತ್ತಲ್ಲ, ಅದು. ನಿನಗೆ ಹೇಳ್ಬೇಡ ಅಂದಿದ್ರು.”

ನನ್ನ ನೇರಳೆ ಸೀರೆ! ಅದು ಕಾಣೆಯಾದಂದಿನಿಂದ ಕೆಳಗಿನ ಇಸ್ತ್ರಿಯವನ ಮೇಲೆ ನನಗೆ ಗುಮಾನಿ. ಬಟ್ಟೆ ತಂದಾಗಲೆಲ್ಲ ಅವನೆದುರೇ ಒಂದೊಂದನ್ನೂ ಬಿಡಿಸಿ ನೋಡುತ್ತಿದ್ದೆ. ಇಡ್ಲಿ ಪಾತ್ರೆಯನ್ನು ಎತ್ತಿ ತೂಗಿ ನೋಡಿದೆ. ದಪ್ಪ ತಳ, ಒಳ್ಳೆ ಭಾರ. ನನ್ನ ಸೀರೆಯನ್ನು ಅತ್ತೆಯವರು ಅಗ್ಗಕ್ಕೇನೂ ಬಿಟ್ಟುಕೊಟ್ಟಿರಲಿಲ್ಲ. ನಗು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅದರಲ್ಲೇ ಇಡ್ಲಿ ಬೇಯಿಸಿ, ಚಟ್ನಿ ಸಮೇತ ಒಂದು ತಟ್ಟೆ ಇಸ್ತ್ರಿಯವನಿಗೂ ಕೊಟ್ಟುಬಂದೆ. ಏನು ವಿಶೇಷ ಎಂದು ಅವನು ಕೇಳಿದ. ಹಬ್ಬ ಎಂದೆ. ಯಾವ ಹಬ್ಬ ಎಂದು ಅವನು ಕೇಳುವಷ್ಟರಲ್ಲಿ ನಾನು ಲಿಫ್ಟಿನೊಳಗಿದ್ದೆ.